ಆರ್ಡಿಸಳ ನೀಲಿ ಡಬ್ಬಿ

ನಮ್ಮೂರಿನ ಡಾಕ್ಟರು ನಿವೃತ್ತರಾಗಿ ಅರಿಜೋನಾಕ್ಕೆ ಹೋದ ಮೇಲೆ ಊರಿಗೆ ಡಾಕ್ಟರೆಂದರೆ ಆರ್ಡಿಸ್ ಟ್ವೇಟಳೇ. ಓದಿದ್ದು ಹೈಸ್ಕೂಲು, ಮೂವತ್ತು ವರ್ಷ ಮಾಡಿದ್ದು ಶಾಲೆಯ ಬಸ್ಸು ಓಡಿಸುವ ಕೆಲಸ. ಆದರೆ ಚರ್ಚಿನ ಅಡುಗೆಮನೆಯ ಕಪಾಟಿನಲ್ಲಿ ಅವಳದೊಂದು ನೀಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಊರವರು ನುಂಗದೆ ಉಳಿಸಿದ ಮಾತ್ರೆಗಳು.

ಪೇಟೆಯ ಆಸ್ಪತ್ರೆಯಲ್ಲಿ ಯಾರಿಗಾದರೂ ಹತ್ತು ದಿನದ ಆಂಟಿಬಯೋಟಿಕ್ ಬರೆದುಕೊಟ್ಟರೆ ಜ್ವರ ಇಳಿದ ದಿನವೇ ನಿಲ್ಲಿಸಿ, ಮಿಕ್ಕಿದ್ದನ್ನು ಡಬ್ಬಿಗೆ ಹಾಕಬೇಕು. ಪೂರ್ತಿ ನುಂಗುವವರನ್ನು ನಾವು ಸ್ವಾರ್ಥಿಗಳೆಂದೇ ತಿಳಿದಿದ್ದೆವು. ನಾರ್ವೆಯಿಂದ ಬಂದ ಅಜ್ಜಂದಿರ ಕಾಲದಿಂದಲೂ ಏನನ್ನೂ ಬಿಸಾಡಿ ಗೊತ್ತಿಲ್ಲದ ಜನ ನಾವು. ನನ್ನ ಗಂಡ ಆರ್ವಲ್‌ಗೆ ಕೆಮ್ಮು ಎದೆಗಿಳಿದಾಗ ಆರ್ಡಿಸ್ ಹಿಮದಲ್ಲಿ ನಡೆದು ಬಂದು ನಾಲ್ಕು ಮಾತ್ರೆ ಕೊಟ್ಟಿದ್ದಳು. "ಮೂರಕ್ಕೇ ವಾಸಿಯಾದ್ರೆ ಇನ್ನೊಂದನ್ನ ವಾಪಸ್ ಕಳಿಸು ಕಣೇ ಮೇವಿಸ್" ಅಂದಿದ್ದಳು. ನಾನು ಕಳಿಸಿಯೂ ಇದ್ದೆ.

ಹೋದ ಶರತ್ಕಾಲ, ಸಕ್ಕರೆ ಬೀಟ್ ಗಡ್ಡೆ ಕೀಳುವ ವಾರದಲ್ಲಿ, ಗಡ್ಡೆ ಸಾಗಿಸುವ ಲಾರಿಯ ಮೆಟ್ಟಿಲು ತಗುಲಿ ಆರ್ಡಿಸಳ ಮೊಣಕಾಲ ಕೆಳಗೆ ತರಚಿ, ಗಾಯ ಕೆಂಪೇರಿತು. ಡಬ್ಬಿಯಿಂದ ಎರಡು ದಿನ ಒಂದು ಮಾತ್ರೆ, ಕೆಂಪು ಇಳಿದರೆ ನಿಲ್ಲಿಸುವುದು, ಮತ್ತೆ ಏರಿದರೆ ಬೇರೊಂದು. ಹೀಗೆ ಮೂರು ತಿಂಗಳು ತಳ್ಳಿದಳು. ಕೊನೆಗೆ ನಾನೇ ಜಗಳವಾಡಿ ದೊಡ್ಡಾಸ್ಪತ್ರೆಗೆ ಸೇರಿಸಿದೆ.

ಅಲ್ಲಿ, ಸೋಂಕು ಬೇರೆಯವರಿಗೆ ಹರಡದಿರಲೆಂದು, ಅವಳನ್ನು ಒಬ್ಬಳನ್ನೇ ಒಂದು ಕೋಣೆಯಲ್ಲಿಟ್ಟರು. ಕಿಟಕಿ ತೆರೆಯುವಂಥದ್ದಲ್ಲ. ಒಳಗೆ ಹೋಗುವವರು ಹಳದಿ ನಿಲುವಂಗಿ, ಕೈಗವಸು ತೊಡಬೇಕು.

"ಬಸ್ಸಲ್ಲಾದ್ರೆ ಬಾಗಿಲ ಹಿಡಿ ನನ್ನ ಕೈಲಿತ್ತು" ಅಂದಳು ಆರ್ಡಿಸ್. ನಕ್ಕಳು, ಆದರೆ ಕಣ್ಣು ಬಾಗಿಲ ಮೇಲೇ ಇತ್ತು.

ಅಲ್ಲಿಯ ಡಾಕ್ಟರಮ್ಮ ಬೀಟ್ ಬೆಳೆಯುವ ಮನೆಯ ಹುಡುಗಿ. "ಕಳೆಗೆ ಅರ್ಧಂಬರ್ಧ ಔಷಧಿ ಹೊಡೆದ್ರೆ ಏನಾಗುತ್ತೆ ಹೇಳಿ?" ಎಂದು ಕೇಳಿದಳು. "ಮೆತ್ತಗಿರೋದು ಸಾಯುತ್ತೆ. ತಡ್ಕೊಂಡ ಒಂದೆರಡು ಗಿಡ ಬೀಜ ಚೆಲ್ಲುತ್ತೆ. ಮುಂದಿನ ವರ್ಷ ಹೊಲ ತುಂಬ ಅದರ ಮಕ್ಕಳೇ. ಈ ಕಾಲಲ್ಲಿರೋ ರೋಗಾಣುನೂ ಹಾಗೇ. ಗಟ್ಟಿ ತಳೀನ ನೀವೇ ಆರಿಸಿ ಬೆಳೆಸಿದೀರ. ಈಗ ನಾಟೋದು ಒಂದೇ ಮಾತ್ರೆ. ಅದೂ ಸೋತ್ರೆ ಕಾಲು ತೆಗೀಬೇಕಾಗುತ್ತೆ."

ಅವಳು 'ನೀವೇ' ಎಂದಾಗ ನಾನು ವಾಪಸ್ ಕಳಿಸಿದ್ದ ಆ ಒಂದು ಮಾತ್ರೆ ನೆನಪಾಯಿತು.

ಆರನೆಯ ದಿನ ನಾನು ಹೋದಾಗ ಕಾಲಿನ ಕೆಂಪು ಇಳಿದಿತ್ತು. ನನಗೆ ಕುಣಿಯುವಷ್ಟು ಸಂತೋಷ. ಆರ್ಡಿಸ್ ದಿಂಬಿನಡಿಯಿಂದ ಕನ್ನಡಕದ ಡಬ್ಬಿ ತೆಗೆದು ನನ್ನ ಕೈಗೆ ತುರುಕಿದಳು. ಒಳಗೆ ಮೂರು ಬಿಳಿ ಮಾತ್ರೆಗಳಿದ್ದವು.

"ಸಂಜೇದನ್ನ ಕೆನ್ನೇಲಿಟ್ಕೊಂಡು ಉಳಿಸ್ದೆ. ಭಾರಿ ಮಾತ್ರೆ ಕಣೇ. ಆರ್ವಲ್‌ಗೆ ಮತ್ತೆ ಕೆಮ್ಮು ಬಂದ್ರೆ ಬೇಕಾಗುತ್ತೆ, ಚರ್ಚಿನ ಡಬ್ಬಿಗೆ ಹಾಕು."

"ನಿಂಗೆ ತಲೆ ಕೆಟ್ಟಿದೆಯೇನೇ? ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೆ ವಾಸಿ ಆಯ್ತಲ್ಲ ಈಗ."

ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು. ಗಂಟೆ ಒತ್ತಿದೆ. "ಹೇಳ್ಬೇಡ್ವೇ" ಎಂದು ಅವಳು ನನ್ನ ಗವಸಿನ ಕೈ ಹಿಡಿದಳು. ನರ್ಸ್ ಬಂದ ಕೂಡಲೇ ಎಲ್ಲ ಹೇಳಿಬಿಟ್ಟೆ.

ಆಗಲೇ ತಡವಾಗಿತ್ತು. ಮುಂದಿನ ವಾರ ಕೆಂಪು ತೊಡೆಯತ್ತ ಹತ್ತಿತು, ಆ ಮಾತ್ರೆಯೂ ನಾಟಲಿಲ್ಲ. ಮಂಗಳವಾರ ಬೆಳಿಗ್ಗೆ ಮೊಣಕಾಲ ಮೇಲಿಂದ ಕಾಲು ತೆಗೆದರು. ಬಸ್ಸಿನ ಬ್ರೇಕು ಒತ್ತುತ್ತಿದ್ದ ಬಲಗಾಲು.

ಭಾನುವಾರ ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು, ಆ ಡಬ್ಬಿಯನ್ನು ಬರಿದು ಮಾಡಿಬಿಡೋಣವೆಂದು ಅಡುಗೆಮನೆಗೆ ಹೋದೆ. ಕೆಳಗಿಳಿಸಿದರೆ ಹಿಂದೆಂದಿಗಿಂತ ಭಾರವಾಗಿತ್ತು. ಮೇಲ್ಗಡೆ ಮಾತ್ರೆಯ ಐದು ಹೊಸ ಸೀಸೆಗಳು, ಐದೂ ಅರ್ಧ ಖಾಲಿ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ 'ಆರ್ಡಿಸ್‌ಗೆ' ಎಂದು ಬರೆದಿದ್ದರು. ಅವುಗಳಲ್ಲೊಂದರ ಬರಹ ನನ್ನ ಆರ್ವಲ್‌ನದು.