ಕೆಂಪು ಟೊಪ್ಪಿಗೆಯ ಕಾವೇರಿಯೂ ಸಾಹುಕಾರನ ಬಾವಿಯೂ

ಕಾವೇರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಅವ್ವ ತಾರವ್ವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ತಿರುಗಲಿ. ಆ ಸಿಟ್ಟು ಅಲ್ಲಿಗೆ ಬಂದು ಕೂತದ್ದು ಹೇಗೆ ಎಂದು ಕೇಳಿದವರು ಮಾತ್ರ ಇದುವರೆಗೆ ಒಬ್ಬರೂ ಇಲ್ಲ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ಹಿನ್ನೀರಿನ ದಂಡೆಗೆ ಎದ್ದು ನಿಂತ ಒಂದು ಪುನರ್ವಸತಿ ಊರು, ಆ ಊರಿನ ತುದಿಗೆ ಒಂದು ಕೇರಿ, ಆ ಕೇರಿಯ ಹುಡುಗಿ ಇವಳು. 2013ರಲ್ಲಿ ದೇಶದ ಮಹಿಳೆಯರ ವಾಟರ್ ಪೋಲೊ ತಂಡದ ಗೋಲ್‌ಕೀಪರ್ ಆಗಿ ಮೂರು ದೇಶ ಸುತ್ತಿ ಬಂದಳು. ಮೂರು ದೇಶದಲ್ಲಿ ಯಾರೂ ಮಾಡದ ಅವಮಾನವನ್ನು ಅವಳ ಊರು ಒಂದೇ ಬೆಳಗಿನಲ್ಲಿ ಮಾಡಿ ಮುಗಿಸಿತು.

ಅದನ್ನು ಹೇಳಬೇಕೆಂದರೆ ಅವಳ ಅಪ್ಪ ಹುಲೆಪ್ಪನಿಂದಲೇ ಶುರು ಮಾಡಬೇಕು. ಊರು ಮುಳುಗುವ ಮೊದಲು, ಹಳೆಯ ಊರಿನಲ್ಲಿ ಮುದಕಪ್ಪ ಸಾಹುಕಾರನ ಮನೆತನದ್ದೊಂದು ಬಾವಿ ಇತ್ತು. ಬೇಸಿಗೆ ಬಂದರೆ ಊರಿನ ಹುಡುಗರೆಲ್ಲ ಅದರಲ್ಲೇ ಈಜುತ್ತಿದ್ದರು. ಕೇರಿಯ ಹುಡುಗರು ದೂರದ ಬೇವಿನ ಮರದ ಕೆಳಗೆ ನಿಂತು, ನೀರಿಗೆ ಬಿದ್ದವರ ಸಪ್ಪಳ ಮಾತ್ರ ಕೇಳಬೇಕು. ಒಂದು ಮಧ್ಯಾಹ್ನ ಬಾವಿಯ ಹತ್ತಿರ ಯಾರೂ ಇಲ್ಲದ್ದು ನೋಡಿ ಹುಲೆಪ್ಪ ಜಿಗಿದೇಬಿಟ್ಟ. ಆಗಿನ್ನೂ ಮೀಸೆ ಮೂಡದ ವಯಸ್ಸು. ಮೇಲೆ ಬರುವಷ್ಟರಲ್ಲಿ ಸಾಹುಕಾರನ ಅಪ್ಪ ಬಾರುಕೋಲು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಹೊಡೆತದ ಗುರುತು ಹುಲೆಪ್ಪನ ಬೆನ್ನ ಮೇಲೆ ಇಂದಿಗೂ ಇದೆ. ಹೊಡೆತವನ್ನು ಅವನು ಹೇಗೋ ಮರೆತ. ಮರೆಯಲಾಗದ್ದು ಆಮೇಲಿನದು. ಕಪಿಲೆ ಹೂಡಿ, ಎತ್ತುಗಳು ನೊರೆ ಕಾರುವವರೆಗೆ ಎಳೆಸಿ, ಇಡೀ ಬಾವಿಯ ನೀರನ್ನು ಹೊರಗೆ ಚೆಲ್ಲಿಸಿದರು. ಅವನು ಅದನ್ನೆಲ್ಲ ಕೂತು ನೋಡಬೇಕಾಯಿತು.

ಮುಂದೆ ಆಲಮಟ್ಟಿಯ ನೀರು ಏರಿತು. ಊರು ಮುಳುಗಿತು, ಆ ಬಾವಿಯೂ ಮುಳುಗಿತು. ಊರವರೆಲ್ಲ ದಿಬ್ಬದ ಮೇಲೆ ನಿಂತು ಗೋಳೋ ಎಂದು ಅಳುವಾಗ ಹುಲೆಪ್ಪ ಮಾತ್ರ ಅಳಲಿಲ್ಲ. ಹತ್ತು ವರ್ಷದ ಮಗಳ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ.

"ನೋಡವ್ವಾ, ಈ ನೀರಿಗಿ ಗ್ವಾಡಿ ಇಲ್ಲ."

ಹೊಸ ಊರಿನಲ್ಲಿ ಹುಲೆಪ್ಪನಿಗೆ ಪಂಚಾಯಿತಿಯ ನೀರು ಬಿಡುವ ಕೆಲಸ ಸಿಕ್ಕಿತು. ಬೆಳಿಗ್ಗೆ ಅವನು ವಾಲ್ವ್ ತಿರುವಿದರೆ ಸಾಹುಕಾರನ ಮನೆಯ ನಳದಲ್ಲೂ ನೀರು. ನಳಕ್ಕೆ ಮಾತ್ರ ಮೈಲಿಗೆ ಇಲ್ಲವಂತೆ! ಕೆಲಸ ಮುಗಿಸಿ ಅವನು ಎಮ್ಮೆಗೆ ಹುಲ್ಲು ತರಲು ಹಿನ್ನೀರಿನ ನಡುಗಡ್ಡೆಗೆ ಈಜಿ ಹೋಗುತ್ತಿದ್ದ. ಮಗಳನ್ನೂ ಕರೆದೊಯ್ಯುತ್ತಿದ್ದ. ಮೊದಲ ಬೇಸಿಗೆ ಅವಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿದ. ಎರಡನೆಯ ಬೇಸಿಗೆ ಬುರುಡೆ ಬಿಚ್ಚಿ, ತನ್ನ ಧೋತರ, ಅಂಗಿ, ಬುತ್ತಿ ಎಲ್ಲ ಸೇರಿಸಿ ಗಂಟು ಕಟ್ಟಿ ಅವಳ ಕೈಗೆ ಕೊಟ್ಟ. ಆ ಕಡೆ ದಂಡೆ ಮುಟ್ಟುವವರೆಗೆ ಎರಡೂ ಕೈ ಮೇಲೆತ್ತಿ ಗಂಟನ್ನು ಒದ್ದೆಯಾಗದಂತೆ ಒಯ್ಯಬೇಕು. ಈಜುವುದೆಲ್ಲ ಕಾಲಿನ ಕೆಲಸ.

"ಯಪ್ಪಾ, ಕಾಲ ನೋಯಾಕತ್ತಾವು."

"ನೋಯ್ಲಿ. ಧೋತ್ರ ಹಸಿ ಆತಂದ್ರ ತಿರುಗಿ ಹೋಗಿ ಮತ್ತ ಬರೂದು, ನೋಡ."

ಹೀಗೆ ತಯಾರಾದ ಕಾಲುಗಳು ಅವಳನ್ನು ಕ್ರೀಡಾ ವಸತಿ ಶಾಲೆಗೆ ಒಯ್ದವು, ಹುಬ್ಬಳ್ಳಿಯಲ್ಲಿ ಒಂದು ಸರ್ಕಾರಿ ನೌಕರಿ ಕೊಡಿಸಿದವು, ಕೊನೆಗೆ ವಾಟರ್ ಪೋಲೊ ಗೋಲಿನ ಮುಂದೆ ತಂದು ನಿಲ್ಲಿಸಿದವು. ಆ ಆಟದಲ್ಲಿ ಕೊಳದ ತಳ ಮುಟ್ಟುವಂತಿಲ್ಲ. ಚೆಂಡು ಬಂದಾಗ ಗೋಲ್‌ಕೀಪರ್ ಎರಡೂ ಕೈ ಎತ್ತಿ ಸೊಂಟದವರೆಗೆ ನೀರಿನಿಂದ ಮೇಲೇಳಬೇಕು. ಕಾವೇರಿಗೆ ಅದನ್ನು ಹೊಸದಾಗಿ ಯಾರೂ ಕಲಿಸಬೇಕಾಗಿರಲಿಲ್ಲ.

ಆದರೂ ತರಬೇತುದಾರ ನಂದಕಿಶೋರ ಅವಳಿಗೆ ಕೊಟ್ಟದ್ದು ಹದಿಮೂರನೇ ನಂಬರಿನ ಕೆಂಪು ಟೊಪ್ಪಿಗೆ. ಕೆಂಪು ಗೋಲ್‌ಕೀಪರಿನದು, ಹದಿಮೂರು ಬೆಂಚಿನದು. ಒಂದನೇ ನಂಬರು ರಸಿಕಾ ಎಂಬ ಹುಡುಗಿಗೆ. ಕಾವೇರಿಯದು ಹೊಳೆಯ ಈಜು, ಅದಕ್ಕೆ ಶಿಸ್ತಿಲ್ಲ ಎಂಬುದು ನಂದಕಿಶೋರನ ವಾದ. ಆ ಸಲದ ಪಂದ್ಯಾವಳಿ ಮೂರು ಊರುಗಳಲ್ಲಿ: ಸಿಂಗಪುರ, ಬ್ಯಾಂಕಾಕ್, ಕೊನೆಗೆ ಕಜಕಸ್ತಾನದ ಅಲ್ಮಾಟಿ.

"ನಮ್ಮ ಊರ ಮುಳಗಿಸಿದ ಆ ಆಲಮಟ್ಟಿಗೆ ವಿಮಾನದಾಗ ಯಾಕ ಹೊಂಟಿ ಬೇ? ಬಸ್ ಐತಲ್ಲ," ಎಂದು ತಾರವ್ವ ಕೇಳಿದಳು. ಮನೆಮಂದಿಯೆಲ್ಲ ನಕ್ಕರು. ಹುಲೆಪ್ಪ ಮಾತ್ರ ನಗಲಿಲ್ಲ. ಬಸ್ ನಿಲ್ದಾಣದವರೆಗೆ ಮಗಳ ಚೀಲ ಹೊತ್ತು ತಂದು, ಬಸ್ಸು ಬರುವ ಹೊತ್ತಿಗೆ ಬಾಯಿ ಬಿಟ್ಟ.

"ಬ್ಯಾರೆ ದೇಶದ ಮಂದಿ ನಿನ್ನ ನೋಡ್ತಾರ, ಛಲೋ ಆತು. ಖರೆ, ನಮ್ಮೂರ ಮಂದಿ ದಂಡಿ ಮ್ಯಾಲ ನಿಂತು ನೀ ನೀರಾಗ ಇರೂದನ್ನ ಒಮ್ಮಿ ನೋಡ್ಬೇಕವ್ವಾ. ನಂದು ಅಷ್ಟ ಆಸೆ."

ಸಿಂಗಪುರದಲ್ಲಿ ಕಾವೇರಿ ನೀರಿಗಿಳಿಯಲೇ ಇಲ್ಲ. ಬೆಂಚಿನ ಮೇಲೆ ಕೂತು ತನ್ನವರು ಸೋಲುವುದನ್ನು ನೋಡಿದಳು. ನಮ್ಮ ಹುಡುಗಿಯರು ತರಬೇತಿ ಪಡೆದದ್ದು ಅರ್ಧ ಭಾಗ ಆಳವೇ ಇಲ್ಲದ ಕೊಳದಲ್ಲಿ. ದಣಿದಾಗ ಕಾಲು ಊರಿ ಸುಧಾರಿಸಿಕೊಳ್ಳುವ ಚಟ ಬಿದ್ದಿತ್ತು. ಇಲ್ಲಿ ಊರಲು ತಳವೇ ಸಿಗದೆ ಎರಡನೆಯ ಸುತ್ತಿಗೇ ಸೋತು ಸುಣ್ಣವಾದರು. ಇಂಥ ಕೊಳದಲ್ಲಿ ತಯಾರು ಮಾಡಿ, ದೇಶದ ಹೆಸರು ಬರೆದ ಅಂಗಿ ಹಾಕಿಸಿ, ನೀರಿಗೆ ನೂಕಿದವರು ಎಲ್ಲಿದ್ದರು? ಗ್ಯಾಲರಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಾವೇರಿಯ ಮೈ ಉರಿಯಿತು.

ಬ್ಯಾಂಕಾಕಿನಲ್ಲಿ ಚೆಂಡು ಬಡಿದು ರಸಿಕಾಳ ಹೆಬ್ಬೆರಳಿನ ಕೀಲು ಸರಿಯಿತು. ನಂದಕಿಶೋರ ಬೆಂಚಿನ ಕಡೆ ನೋಡಿದ. ನೋಡದೆ ಬೇರೆ ದಾರಿ ಇರಲಿಲ್ಲ. ಅವತ್ತು ಕಾವೇರಿಯೂ ಮೈತುಂಬ ಗೋಲು ತಿಂದಳು. ನೀರ ಮೇಲೆ ನಗುವ ಎದುರಾಳಿಗಳು ನೀರ ಕೆಳಗೆ ಒದೆಯುತ್ತಿದ್ದರು, ಉಡುಪು ಹಿಡಿದು ಜಗ್ಗುತ್ತಿದ್ದರು. ಅವಳೂ ಬಿಡಲಿಲ್ಲ, ತಿರುಗಿ ಒದ್ದಳು. ಆದರೆ ಪಂದ್ಯ ಮುಗಿದು ಸೀಟಿ ಊದಿದ ಮೇಲೆ ಅವಳನ್ನು ಒದ್ದ ಹುಡುಗಿಯೇ ಈಜಿ ಬಂದು ಕೊರಳಿಗೆ ತೋಳು ಹಾಕಿದಳು. ಅದೇ ನೀರಿನಲ್ಲಿ, ಒಬ್ಬರ ಬೆವರು ಒಬ್ಬರಿಗೆ ತಾಗುವ ಹಾಗೆ. ಕಾವೇರಿಗೆ ಯಾಕೋ ಅಪ್ಪನ ನೆನಪಾಯಿತು.

ಅಲ್ಮಾಟಿಯಲ್ಲಿ ಕೊನೆಯ ಪಂದ್ಯ ಗೆಲುವಿಗೆ ಬಂತು. ಒಂದೇ ಗೋಲು ಮುಂದೆ ಇದ್ದಾಗ ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಹಗ್ಗದಂಥ ತೋಳಿನ ಒಬ್ಬಳು ಚೆಂಡು ಹಿಡಿದು ಎದುರಿಗೆ ಬಂದಳು. ಕಾವೇರಿಗೆ ಕಂಡದ್ದು ಧೋತರದ ಗಂಟು. ಹಸಿ ಆಗಬಾರದು, ಅಷ್ಟೇ. ಎರಡೂ ಕೈ ಎತ್ತಿ ಸೊಂಟದವರೆಗೆ ಮೇಲೆದ್ದಳು, ಚೆಂಡು ಮೊಣಕೈಗೆ ಬಡಿದು ಆಚೆ ಹೋಯಿತು. ನಮ್ಮವರಿಗೆ ಸಿಕ್ಕದ್ದು ಐದನೆಯ ಸ್ಥಾನ. ಪದಕವಿಲ್ಲ, ಪಾರಿತೋಷಕವಿಲ್ಲ, ಆದರೆ ಆ ಸಲ ನಮ್ಮ ಹುಡುಗಿಯರು ಗೆದ್ದ ಏಕೈಕ ಪಂದ್ಯ ಅದು. ನಂದಕಿಶೋರ ಬಂದು ಬೆನ್ನು ತಟ್ಟಿದ. ಅವಳು ಅವನ ಕಡೆ ತಿರುಗಿ ನೋಡಲಿಲ್ಲ.

ಊರಿಗೆ ಬಂದರೆ ಬಸ್ ನಿಲ್ದಾಣದಲ್ಲಿ ಬ್ಯಾನರ್! 'ವಿಶ್ವವಿಜೇತೆ ಕಾವೇರಿಗೆ ಸ್ವಾಗತ.' ಅದರಲ್ಲಿ ಇವಳ ಮುಖ ನಿಂಬೆಹಣ್ಣಿನಷ್ಟು, ಮುದಕಪ್ಪ ಸಾಹುಕಾರನ ಮುಖ ಕುಂಬಳಕಾಯಿಯಷ್ಟು. ಪೇಪರಿನವರೂ ಬರುತ್ತಾರೆಂದು ಸಾಹುಕಾರನೇ ಒಂದು ಯೋಜನೆ ಹಾಕಿದ್ದ. ಅವನ ಕಬ್ಬಿನ ಹೊಲದಲ್ಲಿ, ಹಿನ್ನೀರಿಗೆ ಒತ್ತಿಕೊಂಡು, ಹೊಸದಾಗಿ ತೋಡಿಸಿದ ಮೆಟ್ಟಿಲ ಬಾವಿ ಇತ್ತು. ಕಾವೇರಿ ಅದಕ್ಕಿಳಿದು ಆಟ ತೋರಿಸಬೇಕು, ಊರೆಲ್ಲ ಸುತ್ತ ನಿಂತು ನೋಡಬೇಕು.

"ನಾ ಒಲ್ಲೆ," ಎಂದಳು ಕಾವೇರಿ. "ಅವರ ಭಾವಿ ಅವರಿಗೇ ಇರ್ಲಿ."

ಹುಲೆಪ್ಪ ಹೆಂಡತಿಯ ಕಡೆಯಿಂದ ಒಗೆದ ಅಂಗಿ ಇಸಿದುಕೊಂಡು ಹಾಕಿಕೊಂಡು ಬಾಗಿಲಲ್ಲಿ ನಿಂತ. ಅವನ ಮುಖ ನೋಡಿ ಕಾವೇರಿ ಚೀಲದಿಂದ ಟೊಪ್ಪಿಗೆ ತೆಗೆದಳು.

ಊರೆಲ್ಲ ಬಂತು. ಸಾಹುಕಾರ ಖುರ್ಚಿ ಹಾಕಿಸಿಕೊಂಡು ಕೂತ. ಹುಡುಗರು ಮೇಲಿನಿಂದ ಚೆಂಡು ಎಸೆದರು, ಅವಳು ಕೆಳಗೆ ಸೊಂಟದವರೆಗೆ ಎದ್ದು ಎದ್ದು ಹಿಡಿದಳು. ಚಪ್ಪಾಳೆ, ಸಿಳ್ಳೆ ಎಲ್ಲ ಆಯಿತು. ಒಬ್ಬನೂ ಅವಳ ಜೊತೆ ನೀರಿಗಿಳಿಯಲಿಲ್ಲ, ಕರೆದರೂ ಇಳಿಯಲಿಲ್ಲ. ಅದು ಅವಳಿಗೆ ತಿಳಿಯಿತು. ಆದರೆ ಎಲ್ಲರ ಹಿಂದೆ ನಿಂತಿದ್ದ ಅಪ್ಪ ಮೆಲ್ಲಗೆ ಜನ ಸರಿಸಿ ಬಾವಿಯ ಅಂಚಿಗೇ ಬಂದು ನಿಂತದ್ದನ್ನೂ ಅವಳು ನೋಡಿದಳು. ಕಣ್ಣೊರೆಸಿಕೊಳ್ಳುತ್ತಿದ್ದ. ಆ ಕಾರಣಕ್ಕೆ ಉಳಿದದ್ದನ್ನು ನುಂಗಿಕೊಂಡಳು. ಮನೆಗೆ ಬಂದು ಹುಲೆಪ್ಪ ಹೊಟ್ಟೆ ತುಂಬ ರೊಟ್ಟಿ ಉಂಡು, ಅದೇ ಒಗೆದ ಅಂಗಿಯಲ್ಲೇ ಮಲಗಿದ.

ಬೆಳಿಗ್ಗೆ ಅಪ್ಪ ಮಗಳು ವಾಲ್ವ್ ತಿರುವಲು ಹೊರಟರು. ದಾರಿಯ ಮೇಲೆಲ್ಲ ನೀರು. ಕಬ್ಬಿನ ಹೊಲ ತುಂಬಿ, ಬದು ಒಡೆದು, ಗಾಡಿದಾರಿಗೆ ಹರಿಯುತ್ತಿತ್ತು. ಬಾವಿಯ ಮೋಟಾರು ಹುಚ್ಚು ಹಿಡಿದಂತೆ ಓಡುತ್ತಿತ್ತು. ಸಾಹುಕಾರನ ಆಳು ಲಗಮಣ್ಣ ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ಕೂತಿದ್ದ. ಇವರನ್ನು ನೋಡಿದ್ದೇ ತಲೆ ಕೆಳಗೆ ಹಾಕಿದ.

"ಯಾಕಣ್ಣಾ, ಕಬ್ಬಿಗಿ ಇಷ್ಟು ನೀರ?" ಕಾವೇರಿ ಕೇಳಿದಳು.

"ಕಬ್ಬಿಗಲ್ಲ ತಂಗಿ," ಎಂದು ಲಗಮಣ್ಣ ನೆಲ ನೋಡುತ್ತಲೇ ಹೇಳಿದ. "ಭಾವಿ ಖಾಲಿ ಮಾಡಂದಾರ. ನಂದೇನೈತಿ, ಹೇಳಿದ್ದ ಮಾಡಾವ ನಾ."

ಹುಲೆಪ್ಪ ನಿಂತಲ್ಲೇ ಕೂತುಬಿಟ್ಟ. ನಲವತ್ತು ವರ್ಷದ ಹಿಂದೆ ಎತ್ತು ಕಟ್ಟಿ ಮಾಡಿದ್ದನ್ನು ಈಗ ಸ್ವಿಚ್ಚು ಒತ್ತಿ ಮಾಡುತ್ತಿದ್ದರು, ಬದಲಾದದ್ದು ಅಷ್ಟೇ. ನಿನ್ನೆ ಅದೇ ಕೈಗಳಿಂದ ಚಪ್ಪಾಳೆ ಹೊಡೆದಿದ್ದರು! ಹಾರ ಹಾಕಿದ್ದರು! ಕಾವೇರಿ ಈಗಲೇ ಪೊಲೀಸ್ ಠಾಣೆಗೆ ಹೋಗೋಣ ಎಂದು ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದಳು.

"ಹೋಗ್ಲಿ ಬಿಡವ್ವಾ. ನೀ ಹುಬ್ಬಳ್ಳಿಗಿ ಹೋಗ್ತಿ. ನಾವು ಇಲ್ಲೇ ಬಾಳೇ ಮಾಡಾವ್ರು."

ಆ 'ಹೋಗ್ಲಿ ಬಿಡು' ಎಂಬ ಮಾತು ಮೋಟಾರಿನ ಸಪ್ಪಳಕ್ಕಿಂತ ಹೆಚ್ಚು ಅವಳನ್ನು ಸುಟ್ಟಿತು. ಸಾಹುಕಾರನ ಮೇಲೆ ಬಂದಷ್ಟೇ ಸಿಟ್ಟು ಅಪ್ಪನ ಮೇಲೂ ಬಂತು. ಅವನ ಜೊತೆ ಮಾತು ಬಿಟ್ಟಳು. ರಜೆ ಮುಂದುವರಿಸಿ ಊರಲ್ಲೇ ಉಳಿದಳು. ದಿನಾ ಬೆಳಿಗ್ಗೆ ಹೋಗಿ ಬಾವಿ ಇಣುಕಿ ಬರುತ್ತಿದ್ದಳು. ನೀರು ತಾನಾಗಿಯೇ ಏರುತ್ತಿತ್ತು. ಹಿನ್ನೀರಿಗೆ ಒತ್ತಿಕೊಂಡ ಬಾವಿ, ಏರದೆ ಏನು ಮಾಡುತ್ತದೆ?

ಬಾವಿ ತುಂಬಿದ ದಿನ ಸಾಹುಕಾರನ ಮನೆಯವರು ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬಲು ಬಂದರು. ತೆಂಗಿನಕಾಯಿ, ಕುಪ್ಪಸದ ಕಣ, ಅರಿಶಿನ, ಕುಂಕುಮ. ನೆರೆಯವರೂ ಕೂಡಿದ್ದರು, ಲಗಮಣ್ಣ ಎಂದಿನಂತೆ ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ಕೂತಿದ್ದ. ಕಾವೇರಿ ನೇರ ಬಂದು ಅವರ ನಡುವೆ ನಿಂತಳು. ಮಗಳು ಏನು ಮಾಡಿಬಿಡುತ್ತಾಳೋ ಎಂದು ಹುಲೆಪ್ಪ ಹಿಂದೆಯೇ ಓಡಿ ಬಂದ.

"ಸಾವಕಾರ್ರ, ಹೊಸಾ ನೀರಿಗಿ ಪೂಜಿ ಏನ್ರಿ?"

"ಹೌದು ತಂಗಿ," ಮುದಕಪ್ಪ ತಡವರಿಸಿದ. "ಹೂಳು ತಗಸಿದ್ವಿ. ಅದಕ್ಕ..."

"ಹೂಳಲ್ರಿ, ನನ್ನ ತಗಸೀರಿ. ಖರೆ ಹೇಳ್ರಿ ಮಂದಿ ಮುಂದ." ಅವಳ ದನಿ ಏರಿತು. "ಮೂರು ದೇಶದಾಗ ನೀರಿಗಿಳಿದ ಬಂದೇನಿ. ಒದ್ರು, ಜಗ್ಗಿದ್ರು, ಸೋಲಿಸಿದ್ರು. ಒಬ್ರೂ ನಾ ಇಳಿದ ನೀರ ಹೊರಗ ಚೆಲ್ಲಲಿಲ್ಲ. ಈ ಹೊಸಾ ನೀರ ಎಲ್ಲಿಂದ ಬಂತ್ರಿ? ಹಿನ್ನೀರಿಂದ ಬಸಿದು ಬಂತು. ಅಲ್ಲಿ ದಿನಾ ಈಸಾವ್ರು ಯಾರು? ನಾವು. ನಮ್ಮ ಎಮ್ಮಿ ಮೈ ತೊಳಿಯೂದು ಅಲ್ಲೇ. ನನ್ನ ಚೆಲ್ಲಿ ಇಡೀ ಕೇರೀನ ಭಾವಿಗಿ ತುಂಬ್ಕೊಂಡೀರಿ! ಉಡಿ ತುಂಬಿ ಕೈ ಬ್ಯಾರೆ ಮುಗಿಯಾಕತ್ತೀರಿ!"

ಉಡಿಯ ತಟ್ಟೆ ಹಿಡಿದಿದ್ದ ಹೆಂಗಸು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಮುದಕಪ್ಪನ ಮುಖ ಕಪ್ಪಿಟ್ಟಿತು.

"ಲೇ ಹುಲೆಪ್ಪಾ," ಎಂದು ಅವನು ಅಪ್ಪನ ಕಡೆ ತಿರುಗಿದ. "ಮಗಳಿಗಿ ಬುದ್ಧಿ ಹೇಳಿ ಕರ್ಕೊಂಡ ನಡಿ."

ಹುಲೆಪ್ಪ ಮಗಳ ಹತ್ತಿರ ಬಂದ. ಅಪ್ಪ ಮತ್ತೆ ಹೋಗ್ಲಿ ಬಿಡು ಎನ್ನುತ್ತಾನೆ ಎಂದುಕೊಂಡು ಅವಳು ಮುಖ ತಿರುಗಿಸಿದಳು. ಅವನು ಅಂಗಿ ಕಳಚಿ ಅವಳ ಕೈಗೆ ಕೊಟ್ಟ. ಬೆನ್ನಿನ ಮೇಲಿನ ಹಳೆಯ ಬರೆಗಳು ಎಲ್ಲರಿಗೂ ಕಂಡವು. ಕಚ್ಚೆ ಬಿಗಿದುಕೊಂಡು ನಡೆದ, ಮೆಟ್ಟಿಲ ಕಡೆ ಹೋಗದೆ, ಬಾವಿಯ ಅಂಚಿನಿಂದ ಹುಡುಗನ ಹಾಗೆ ಜಿಗಿದುಬಿಟ್ಟ. ನೀರು ಎದ್ದು ಸಾಹುಕಾರನ ಧೋತರಕ್ಕೆ ಸಿಡಿಯಿತು.

ಮುಳುಗಿದವನು ಬಾವಿಯ ನಡುವೆ ಎದ್ದ. ಎರಡೂ ಕೈ ಮೇಲೆತ್ತಿ, ಬರೀ ಕಾಲಿನ ಮೇಲೆ, ಅಲುಗಾಡದೆ ನಿಂತ.

"ಸಾವಕಾರ್ರ," ಎಂದು ಕೂಗಿದ. "ಹಚ್ಚರಿ ಮೋಟಾರ! ಎಷ್ಟ ಚೆಲ್ತೀರಿ ನೋಡೂಣು. ನಾ ಇಲ್ಲೇ ಇರ್ತೇನಿ."

ಕಾವೇರಿ ಟೊಪ್ಪಿಗೆ ಕೂಡ ಹಾಕಿಕೊಳ್ಳದೆ ಅಪ್ಪನ ಹಿಂದೆಯೇ ಧುಮುಕಿದಳು. ಮುದಕಪ್ಪ ಲಗಮಣ್ಣನ ಕಡೆ ನೋಡಿದ. ಲಗಮಣ್ಣ ಕುಳಿತಲ್ಲಿಂದ ಏಳಲಿಲ್ಲ.