ಉರಿ ಎಂದವಳದೇ ಟೀ

ಗುಂಟೂರಿನ ಮೆಣಸಿನಕಾಯಿ ಯಾರ್ಡಿನಲ್ಲಿ ತೊಟ್ಟು ಬಿಡಿಸುವ ನಮಗೆಲ್ಲ ಒಂದು ಪಂದ್ಯವಿದೆ. ರಾಶಿಯ ಮುಂದೆ ಕೂತವರಲ್ಲಿ ಯಾರು ಮೊದಲು 'ಉರಿ' ಅನ್ನುತ್ತಾಳೋ ಅವಳೇ ಎಲ್ಲರಿಗೂ ಟೀ ಕೊಡಿಸಬೇಕು. ನನ್ನ ಅತ್ತಿಗೆ ಕೋಟಮ್ಮ ತಲೆ ನರೆತರೂ ಯಾರಿಗೂ ಒಂದು ಗುಟುಕು ಕೊಡಿಸಿದವಳಲ್ಲ. ಕಣ್ಣು ಕೆಂಡವಾಗಿದ್ದರೂ "ನನಗೇನೂ ಇಲ್ಲಪ್ಪ" ಎಂದು ನಮ್ಮ ಟೀಯನ್ನು ಸೊರ್ರೆಂದು ಹೀರುವಳು. ಮಹಾರಾಣಿ!

ಆ ಮಹಾರಾಣಿಗೆ ಕುತ್ತಿಗೆಯಲ್ಲಿ ಗಂಟೆದ್ದಿತು. ಆಸ್ಪತ್ರೆಯಲ್ಲಿ ಕ್ಯಾನ್ಸರ್, ಕೀಮೋ ಹಾಕಬೇಕೆಂದರು. ಎಡಗೈ ನರಕ್ಕೆ ಸೂಜಿ ಚುಚ್ಚಿ, ಕೆಂಪು ಔಷಧ ಬಿಡುವ ಮುನ್ನ ನರ್ಸ್ ಸುವಾರ್ತ ಬಿಡಿಸಿ ಹೇಳಿದಳು.

"ಕೋಟಮ್ಮಾ, ವಾಂತಿ ಬರಬಹುದು, ಕೂದಲು ಉದುರತ್ತೆ, ಒಂದೆರಡು ದಿನ ಉಚ್ಚೆ ಕೆಂಪಗೆ ಹೋಗತ್ತೆ, ಹೆದರಬೇಡಿ. ಮನೇಲಿ ಜ್ವರ ಬಂದ್ರೆ ಮಾತ್ರ ಹೊತ್ತುಗೊತ್ತು ನೋಡದೆ ಓಡಿ ಬನ್ನಿ. ಈಗ ಸೂಜಿ ಹತ್ರ ಚೂರು ಉರಿದ್ರೂ, ಊದಿದ್ರೂ ಕೂಗಿ. ಔಷಧ ನರದಿಂದ ಆಚೆ ಸೋರಿದ್ರೆ ಮಾಂಸಾನೇ ಕೊಳೆಯತ್ತೆ."

"ಉರೀನಾ? ನನಗಾ?" ಅತ್ತಿಗೆ ನಕ್ಕಳು. "ನಾನು ಮೆಣಸಿನಕಾಯಿಯವಳು ಸಿಸ್ಟರಮ್ಮ. ಇದೆಲ್ಲ ನನಗೆ ಶರಬತ್ತು."

ಸುವಾರ್ತ ಬಂದು ಬಂದು ಕೇಳಿದಳು. ಪ್ರತಿ ಸಲವೂ "ಏನೂ ಇಲ್ಲ" ಎಂದೇ ಉತ್ತರ. ಆದರೆ ಹಣೆ ಬೆವರುತ್ತಿತ್ತು, ಕೈ ಸೆರಗಿನೊಳಗೆ ಸೇರಿತ್ತು. ಅನುಮಾನ ಬಂದು ಸೆರಗು ಎಳೆದೆ. ಮುಂಗೈ ಬೋಂಡದಂತೆ ಊದಿತ್ತು.

"ಅಯ್ಯೋ ಅತ್ತಿಗೇ, ಬಾಯಿಗೇನು ಬೀಗ ಹಾಕಿದ್ಯಾ?"

"ನಾನು ಉರಿ ಅಂದೆ ಅಂತ ನೀನು ಯಾರ್ಡಲ್ಲೆಲ್ಲ ಸಾರ್ಕೊಂಡು ಬರ್ತೀಯಲ್ಲ!"

ಸುವಾರ್ತ ಔಷಧ ನಿಲ್ಲಿಸಿ, ಡಾಕ್ಟರನ್ನು ಕರೆಸಿ, ತಣ್ಣನೆಯ ಚೀಲ ಇಟ್ಟಳು. ತಡವಾಗಿತ್ತು. ಹುಣ್ಣು ಮಾಯುವಷ್ಟರಲ್ಲಿ ಎಡಗೈ ಬೆರಳುಗಳು ಮಡಚಲಾಗದಂತಾದವು. ಟೀ ಉಳಿಯಿತು, ಕೈ ಹೋಯಿತು. ಎಂಥಾ ಲಾಭದ ವ್ಯಾಪಾರ!

ಮುಂದಿನ ಸಲ ಬಲಗೈಗೆ ಸೂಜಿ. ಇದೂ ಹೋದರೆ ತೊಟ್ಟು ಬಿಡಿಸುವುದಿರಲಿ, ತುತ್ತು ಎತ್ತಲೂ ಕೈಯಿಲ್ಲ. ಔಷಧ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಅತ್ತಿಗೆಯ ತುಟಿ ಬಿಗಿಯಿತು. ಹಾಳಾದವಳು ಮತ್ತೆ ನುಂಗುತ್ತಾಳೆ ಎಂದು ಅವಳ ಕೈಯತ್ತ ಬಗ್ಗಿದೆ.

"ಉರಿ!" ಅತ್ತಿಗೆಯ ಕೂಗಿಗೆ ವಾರ್ಡಿಗೆ ವಾರ್ಡೇ ಎದ್ದು ಕೂತಿತು. "ಸಿಸ್ಟರಮ್ಮಾ, ಉರಿ, ಉರಿ, ಉರಿ!"

ಸುವಾರ್ತ ಓಡಿ ಬಂದು ನಿಲ್ಲಿಸಿದಳು. ಸೂಜಿ ಆಗಷ್ಟೇ ಸರಿದಿತ್ತು. ಕೈ ಉಳಿಯಿತು.

"ಲೇ ನಾಂಚಾರಿ, ಏನೇ ಹಂಗೆ ನೋಡ್ತೀಯಾ?" ಅತ್ತಿಗೆ ನನ್ನ ಮೇಲೆ ರೇಗಿದಳು. "ಹೋಗು, ಎಲ್ಲರಿಗೂ ಟೀ ಹೇಳು."

ಟೀ ಬಂತು. ಎಡಗೈಗೆ ಲೋಟ ಹಿಡಿಯಲಾಗದು, ಬಲಗೈಯನ್ನು ಅಲುಗಿಸುವಂತಿರಲಿಲ್ಲ. ಅವಳು ಕೊಡಿಸಿದ ಮೊದಲ ಟೀಯನ್ನು ಅವಳಿಗೆ ನಾನೇ ಕುಡಿಸಿದೆ.