ಸಮುದ್ರದ ತೊಟ್ಟಿಗೆ ಜರ್ಮನ್ ಮುಚ್ಚಳ

ಜತ್ತದ ಶಾಲೆಯಲ್ಲಿ ನಾನು ಹೊಸದಾಗಿ ಮಾಸ್ತರನಾದ ವರ್ಷ, ಕೊಂಕಣದ ಕಡೆಯಿಂದ ಬಂದಿದ್ದ ವಿಜ್ಞಾನದ ಗುರುಗಳು ಗಾಜಿನ ತೊಟ್ಟಿಯೊಂದರಲ್ಲಿ ಸಮುದ್ರದ ನೀರು ತುಂಬಿಟ್ಟಿದ್ದರು. ಅದರಲ್ಲಿ ಬೆರಳುದ್ದದ ಏಳು ಮೀನು, ಶಂಖ ಹೊತ್ತು ನಡೆಯುವ ಐದು ಏಡಿ. ನಮ್ಮ ಮಕ್ಕಳು ಯಾರೂ ಸಮುದ್ರ ಕಂಡವರಲ್ಲ. ನಾನೂ ಕಂಡಿರಲಿಲ್ಲ. ದಿನಕ್ಕೆ ನಾಲ್ಕು ಸಲ ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಊದಬೇಕು, ಸಲಕ್ಕೆ ಇನ್ನೂರು ಒತ್ತು. ಲೆಕ್ಕ ತಪ್ಪದಂತೆ ದಿನಚರಿಯಲ್ಲಿ ಗೀಟು ಹಾಕುತ್ತಿದ್ದೆ.

ತಾಯಿಗೆ ಕಾಯಿಲೆಯೆಂದು ಗುರುಗಳು ಊರಿಗೆ ಹೊರಟರು. "ಒಂದು ತಿಂಗಳು. ಹನ್ನೆರಡು ಜೀವ ಬಿಟ್ಟು ಹೋಗುತ್ತಿದ್ದೇನೆ, ಹನ್ನೆರಡೂ ನನಗೆ ಬೇಕು" ಎಂದು ಮರಾಠಿಯಲ್ಲಿ ಹೇಳಿ ತೊಟ್ಟಿಯನ್ನು ನನಗೊಪ್ಪಿಸಿದರು. ಅವರು ಹೋದ ಮೂರನೇ ದಿನ ಮುಚ್ಚಳದ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಮುರಿಯಿತು.

ಊರಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವನು ನನ್ನ ತಾಯಿಯ ತಮ್ಮ. ನಾನಿದ್ದದ್ದೂ ಅವನ ಮನೆಯಲ್ಲೇ.

"ಬರ್ರಿ ಮಾಸ್ತರ್ರ, ಕುಂದ್ರಿ" ಎಂದು ಮಾಮಾ ನಕ್ಕ. "ಮೀನಿಗಿ ಮನಿ ಕಟ್ಟಸಾಕ ಬಂದೀರೇನು?"

"ಜಂಗ ಹಿಡೀದಂಥಾದ್ದು ಬೇಕು ಮಾಮಾ. ಉಪ್ಪುನೀರು ಅದ."

"ಜರ್ಮನ್ ಹಾಕು. ಜಂಗದ ಮಾತ ಇಲ್ಲ."

ನಮ್ಮ ಕಡೆ ತುಕ್ಕಿಗೆ ಜಂಗ, ಅಲ್ಯೂಮಿನಿಯಮ್ಮಿಗೆ ಜರ್ಮನ್ ಎನ್ನುತ್ತಾರೆ. ಡೊಂಕಾಗಿ ಮೂಲೆ ಸೇರಿದ್ದ ಪರಾತಗಳನ್ನು, ಹಿಟ್ಟು ಕಲಸುವ ಅಗಲ ತಟ್ಟೆಗಳನ್ನು, ಅವನೇ ಕತ್ತರಿಸಿ, ಹಿತ್ತಾಳೆಯ ತಿರುಪು ಹಾಕಿ, ಮುಚ್ಚಳ, ಅಂಚುಪಟ್ಟಿ, ಮೇವಿನ ತಟ್ಟೆ ತೂಗಿಸುವ ಕೊಕ್ಕೆ ಎಲ್ಲ ಮಾಡಿಕೊಟ್ಟ. ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

ಮುಚ್ಚಳ ಹಾಕಿದ ಆರನೇ ದಿನ ತಿರುಪುಗಳ ಸುತ್ತ ಬಿಳಿ ಹಿಟ್ಟು ಕಂಡಿತು. ಒರೆಸಿದೆ. ಒಂಬತ್ತನೇ ದಿನ ಅದು ನೀರಿಗೆ ಉದುರುತ್ತಿತ್ತು. ಮೀನು ನಾಲ್ಕೇ ಉಳಿದಿದ್ದವು. ಗಾಳಿ ಸಾಲದೇನೋ ಎಂದು ಒತ್ತನ್ನು ಮುನ್ನೂರಕ್ಕೆ ಏರಿಸಿದೆ. ಹದಿನಾಲ್ಕನೇ ದಿನ ಅಂಚುಪಟ್ಟಿ ಗೆದ್ದಲು ತಿಂದಂತೆ ಕುಳಿಬಿದ್ದಿತ್ತು. ಮೀನು ಒಂದೂ ಇಲ್ಲ, ಏಡಿ ಎರಡು. ಲೋಹವನ್ನೆಲ್ಲ ಕಳಚಿ ತೊಟ್ಟಿಗೆ ಬಟ್ಟೆ ಹೊದಿಸಿ, ಕುಳಿಬಿದ್ದ ಅಂಚುಪಟ್ಟಿ ಹಿಡಿದುಕೊಂಡು ಅಂಗಡಿಗೆ ಹೋದೆ.

ಮಾಮಾ ಶೇಗಾಂವದಿಂದ ಬಂದ ಹೆಂಗಸೊಬ್ಬಳಿಗೆ ಜರ್ಮನ್ ಡಬ್ಬಿ ತೋರಿಸುತ್ತಿದ್ದ. "ಅಕ್ಕಾರ, ಇದರಾಗ ಉಪ್ಪಿನಕಾಯಿ ಮಾತ್ರ ಹಾಕಬ್ಯಾಡ್ರಿ. ಉಪ್ಪಿಗಿ ತಡಿಯಂಗಿಲ್ಲ, ತೂತ ಬೀಳ್ತಾವ."

"ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ?" ಎಂದಳು ಆಕೆ.

ತಿಳಿಯದವರು ಯಾರಿದ್ದಾರೆ! ನಮ್ಮ ಮನೆಯಲ್ಲೂ ಉಪ್ಪಿನಕಾಯಿ ಚೀನಿ ಭರಣಿಯಲ್ಲೇ ಇರುತ್ತಿತ್ತು. ತೊಟ್ಟಿಯೆಂದರೆ ನನಗೆ ವಿಜ್ಞಾನ. ಅಡುಗೆಮನೆಯ ಮಾತು ಅಲ್ಲಿ ನೆನಪಾಗಲೇ ಇಲ್ಲ. ಆದರೆ ಮಾಮಾನಿಗೆ? ಆಕೆ ಹೋದ ಮೇಲೆ ಪಟ್ಟಿಯನ್ನು ಅವನ ಮುಂದಿಟ್ಟೆ.

"ನಿನಗ ಗೊತ್ತಿತ್ತಲ್ಲ?"

"ಗೊತ್ತಿಲ್ದ ಏನು? ಹೆಂಗೂ ಸಾಯೂ ಮೀನ, ಎಂಟು ದಿನದ ಆಟ ಅನ್ಕೊಂಡೆ. ಮೂಲ್ಯಾಗಿನ ಪರಾತನೂ ಖಾಲಿ ಆದ್ವು. ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ಊಟಕ್ಕ ಲಗೂನ ಬಾ."

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಗುರುತಿಲ್ಲದ ಗಿರಾಕಿಗೆ ಕೇಳದೆಯೇ ಹೇಳಿದ ಮಾತನ್ನು, ಕೇಳಿಕೊಂಡು ಬಂದ ಅಕ್ಕನ ಮಗನಿಗೆ ಹೇಳಿರಲಿಲ್ಲ. ಅಂದು ಊಟಕ್ಕೆ ಹೋಗಲಿಲ್ಲ.

ಗುರುಗಳು ಬಂದು ತೊಟ್ಟಿಯ ಬಟ್ಟೆ ಸರಿಸಿ ನೋಡಿ, ಪಕ್ಕದಲ್ಲಿ ಕಳಚಿಟ್ಟಿದ್ದ ಮುಚ್ಚಳವನ್ನು ಕೈಗೆತ್ತಿಕೊಂಡರು. "ಈ ಲೋಹ ಯಾರು ಹಾಕಿಸಿದ್ದು?"

ಮಾಮಾನ ಹೆಸರು ಬಾಯಿಗೆ ಬರಲಿಲ್ಲ. "ನಾನೇ" ಎಂದೆ.

ಅವರು ಬೈಯಲಿಲ್ಲ. ಎರಡು ಏಡಿಗಳನ್ನು ಭರಣಿಗೆ ಹಾಕಿಕೊಂಡು ತಮ್ಮ ಕೋಣೆಗೆ ಒಯ್ದರು. ಆಮೇಲೆ ಸಣ್ಣ ಕೆಲಸವನ್ನೂ ನನಗೆ ಒಪ್ಪಿಸಲಿಲ್ಲ. ಅದೇ ವಾರ ನಾನು ಮಾಮಾನ ಮನೆ ಬಿಟ್ಟು ಶಾಲೆಯ ಹಿಂದಿನ ಖೋಲಿಗೆ ಹಾಸಿಗೆ ಸಾಗಿಸಿದೆ. ಕೇಳಿದವರಿಗೆ, ಶಾಲೆ ಹತ್ತಿರವಾಗುತ್ತದೆ ಎಂದೆ.